ಬಳೆ ತೊಟ್ಟ ಬಂದೂಕು

ನಿಂಬರ್ಗಾದಲ್ಲಿ ಗುರಣ್ಣನ ಮನೆ ಯಾವುದೆಂದು ಯಾರನ್ನು ಕೇಳಿದರೂ, "ಯಾವ ಗುರಣ್ಣ? ಬಳಿ ಬಂದೂಕಿನವನಾ?" ಎಂದು ಮರಳಿ ಕೇಳುತ್ತಿದ್ದರು. ನಿಜಾಮರ ಆಡಳಿತದ ಆ ದಿನಗಳಲ್ಲಿ ಇಡೀ ಊರಿಗೆ ಪರವಾನಗಿ ಇದ್ದ ಬಂದೂಕು ಅದೊಂದೇ. ಅದು ಗುರಣ್ಣನಿಗೆ ಬಂದದ್ದು ಶೌರ್ಯದಿಂದಲ್ಲ, ಹಾಸಿಗೆ ಮಡಿಸಿದ್ದರಿಂದ.

ಅಫಜಲಪುರದಿಂದ ಜೇವರ್ಗಿಯ ಕಡೆಗೆ ರಸ್ತೆ ಅಳೆಯಲು ಒಬ್ಬ ವಿಲಾಯತಿ ಸಾಹೇಬ ಬಂದಿದ್ದ. ಅವನ ಡೇರೆಯಲ್ಲಿ ದೀಪ ಹಚ್ಚುವುದು, ಹಾಸಿಗೆ ಹಾಸುವುದು, ಬೂಟು ಒರೆಸುವುದು ಗುರಣ್ಣನ ಕೆಲಸ. ಸಂಜೆ ಸಾಹೇಬ ಒಂದು ಮೊಲವನ್ನೋ ಕವುಜುಗವನ್ನೋ ಹೊಡೆಯುತ್ತಿದ್ದ. ಗುರಣ್ಣ ಓಡಿಹೋಗಿ ಎತ್ತಿ ತರುತ್ತಿದ್ದ, ಆಮೇಲೆ ಕೂತು ಬಂದೂಕಿಗೆ ಎಣ್ಣೆ ಹಚ್ಚುತ್ತಿದ್ದ. ಭೀಮಾ ನದಿಯ ದಂಡೆಯಲ್ಲಿ ಸಾಹೇಬನಿಗೆ ಚಳಿಜ್ವರ ಹಿಡಿದಾಗ ಗುರಣ್ಣ ತಾಯಿಯಂತೆ ಅವನ ತಲೆಗೆ ತಣ್ಣೀರು ಪಟ್ಟಿ ಹಾಕಿದ. ಊರಿಗೆ ಹೊರಡುವಾಗ ಸಾಹೇಬ ಬಂದೂಕನ್ನು ಅವನ ಕೈಯಲ್ಲಿಟ್ಟು, ತಾನೇ ಕಚೇರಿಗೆ ಹೋಗಿ ಪರವಾನಗಿಯನ್ನೂ ಮಾಡಿಸಿಕೊಟ್ಟ. ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಕೆಟ್ಟದ್ದೆಲ್ಲ ಒಳ್ಳೆಯ ಮನುಷ್ಯರಿಂದಲೇ ಆಯಿತು.

ಬಂದೂಕು ಸಣ್ಣದು, ಹಗುರ. ಗುಂಡುಗಳೋ ತೊಗರಿಕಾಯಿಯ ಅರ್ಧದಷ್ಟು ಉದ್ದ. ಅವನ್ನು ನಳಿಕೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ತುಂಬಬೇಕು. ಕುದುರೆ ಸವಾರ ಕಾಲಿಡುವ ರಿಕಾಪಿನಂಥ ಕಬ್ಬಿಣದ ಬಳೆಯೊಂದು ಹೊಟ್ಟೆಯಡಿ ಜೋತುಬಿದ್ದಿತ್ತು. ಅದನ್ನು ಕೆಳಗೆಳೆದು ಮೇಲೊತ್ತಿದರೆ ಕಟಕ್ ಎಂದು ಒಂದು ಗುಂಡು ಮೇಲೆ ಬಂದು ಕೂರುತ್ತಿತ್ತು. ಆ ಬಂದೂಕಿನ ಒಂದೊಂದು ಸ್ಕ್ರೂವೂ ಗುರಣ್ಣನಿಗೆ ಗೊತ್ತಿತ್ತು. ಹೊಡೆಯುವುದೊಂದು ಗೊತ್ತಿರಲಿಲ್ಲ.

ಆ ವರ್ಷದ ಖಂಡೇನವಮಿಗೆ ಚಾವಡಿಯಲ್ಲಿ ಆಯುಧಗಳ ಪೂಜೆ ನಡೆದಿತ್ತು. ನಡುವೆ ಪೊಲೀಸ್ ಪಾಟೀಲ ಅಣ್ಣಾರಾಯರ ಮನೆತನದ ಖಡ್ಗ. ಅದು ಒರೆಯಿಂದ ಹೊರಬಂದು ಎರಡು ತಲೆಮಾರಾಗಿತ್ತು. ತುಕ್ಕು ಹಿಡಿದು ಒರೆಗೂ ಖಡ್ಗಕ್ಕೂ ಬಿಡಿಸಲಾಗದ ನಂಟು ಬೆಳೆದಿತ್ತು. ಸುತ್ತಲೂ ಕೊಡಲಿ, ಕುಡಗೋಲು. ಗುರಣ್ಣ ಬಂದೂಕನ್ನು ತಂದು ಖಡ್ಗದ ಪಕ್ಕದಲ್ಲಿಟ್ಟ. ಕೂತಿದ್ದ ಜನ ಒಬ್ಬೊಬ್ಬರಾಗಿ ಖಡ್ಗಕ್ಕೆ ಬೆನ್ನು ಮಾಡಿ ಬಂದೂಕಿನ ಕಡೆ ತಿರುಗಿದರು. ಕುಂಕುಮ ಹಚ್ಚುತ್ತಿದ್ದ ಪಾಟೀಲರ ಕೈ ನಿಂತಿತು.

"ಏನಲೇ ಗುರಣ್ಣ, ಬಂದೂಕಕ್ಕ ಬಳಿ ತೊಡಿಸೀದಿ. ಕುಬಸ ಯಾವಾಗ?"

ಬಸುರಿಗೆ ಮಾಡುವ ಕುಬಸದ ಮಾತು ಕೇಳಿ ಚಾವಡಿ ನಕ್ಕಿತು. ಗುರಣ್ಣ ಬಂದೂಕನ್ನೆತ್ತಿ ಬಳೆಯನ್ನು ಎಳೆದು ಒತ್ತಿದ. ಕಟಕ್.

"ಬಳಿ ಅಲ್ರಿ ಪಾಟೀಲ್ರ. ಕೆಳಗ ಎಳದ್ರ ಹಳೇದು ಹೊರಗ, ಮ್ಯಾಲ ಒತ್ತಿದ್ರ ಹೊಸಾದು ಒಳಗ. ವಿಲಾಯತಿ ಕೆಲಸ ಅದ."

"ಸಪ್ಪಳ ಛಲೋ ಅದ. ಇದರಾಗ ಏನ ಹೊಡದೀದಿ? ಗುಬ್ಬಿ?"

ಇನ್ನೊಮ್ಮೆ ನಗು. ಗುರಣ್ಣನ ಕಿವಿ ಬಿಸಿಯಾದವು. ಬಾಯಿ ತಾನಾಗಿ ತೆರೆಯಿತು.

"ತ್ವಾಳ ಹೊಡದೇನಿ. ಅಫಜಲಪುರ ಕ್ಯಾಂಪಿನಾಗ."

ನಗು ಪಕ್ಕನೆ ನಿಂತಿತು. ಆಗ ಮೆಟ್ಟಿಲ ಮೇಲೆ ಕೂತಿದ್ದ ಇಮಾಮಸಾಬ ಮಾತಾಡಿದ. ಅವನು ಆಡು ಸಾಕುವವನು, ಚಿಕ್ಕಂದಿನಿಂದ ಗುರಣ್ಣನ ದೋಸ್ತ. ಡೇರೆಯ ಕಥೆಗಳನ್ನೆಲ್ಲ ಮೊದಲೇ ಕೇಳಿದ್ದವನು. ಅದರಲ್ಲಿ ಮೊಲ ಇತ್ತು, ಕವುಜುಗ ಇತ್ತು, ತೋಳ ಇರಲಿಲ್ಲ.

"ಹೊಡದಿರಬೇಕ್ರಿ ಪಾಟೀಲ್ರ," ಎಂದ ಇಮಾಮಸಾಬ. "ಗುರಣ್ಣ ಸುಳ್ಳ ಹೇಳಂಗಿಲ್ಲ."

ದೀಪಾವಳಿ ಕಳೆದು ಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ನಿಜವಾದ ತೋಳವೇ ಬಂತು. ಒಂದು ಮನೆಯ ಕುರಿಮರಿ ಹೋಯಿತು, ಇನ್ನೊಂದು ಮನೆಯ ಆಡು ಹೋಯಿತು. ಕೊನೆಗೆ ಪಾಟೀಲರ ಸ್ವಂತ ಟಗರೇ ಹೋದಾಗ ತೋಳದ ಹಾವಳಿ ಸರಕಾರದ ಕೆಲಸವಾಯಿತು. ಪಾಟೀಲರು ತಾವೇ ಗುರಣ್ಣನ ಮನೆಯ ಕಟ್ಟೆಗೆ ಬಂದು ಕೂತರು.

"ಊರಾಗ ತ್ವಾಳ ಹೊಡದಾವ ಇದ್ದು ನಾವು ಹೆದರಬೇಕೇನು? ನಾಳೆ ಬೆಳಕು ಹರಿಯೂದರಾಗ ಆ ಕೆಲಸ ಮುಗಸು."

ಅವರು ಹೋದ ಮೇಲೆ ಹೆಂಡತಿ ಅಂಬುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ಖರೇ ಹೇಳ್ರಿ. ತ್ವಾಳ ಹೊಡದೀರಿ?"

"ಹೊಡದಂಗನ."

"ಹಂಗಂದ್ರ?"

"ಸಾಹೇಬ ಮೊಲ ಹೊಡದಾಗ ನಾ ಭಾಳ ಹತ್ರ ನಿಂತಿದ್ದೆ."

ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು.

ತೋಳ ಬರುವ ದಾರಿ ಇಮಾಮಸಾಬನ ದೊಡ್ಡಿಯ ಕಡೆಯೇ ಎಂದು ಊರಿನ ಹಿರಿಯರು ತೀರ್ಮಾನಿಸಿದರು. ಅವನ ದೊಡ್ಡಿ ಊರ ಹೊರಗೆ, ತೊಗರಿ ಹೊಲದ ಅಂಚಿಗೆ. ಅರ್ಧ ಆಡು ಅವನವು, ಉಳಿದರ್ಧ ಊರವರು ಪಾಲಿಗೆ ಬಿಟ್ಟವು. ಮರಿ ಹಾಕಿದರೆ ಒಂದು ಅವರಿಗೆ, ಒಂದು ಇವನಿಗೆ. ಇಷ್ಟು ಹಾವಳಿಯಲ್ಲೂ ಅವನ ದೊಡ್ಡಿಯಿಂದ ಒಂದು ಮರಿಯೂ ಹೋಗಿರಲಿಲ್ಲ. ಅಲ್ಲಿ ಭೂರ್ಯಾ ಇತ್ತು. ಅದು ಮಣ್ಣಿನ ಬಣ್ಣದ ಎತ್ತರದ ನಾಯಿ. ಕೊರಳಿಗೆ ಮೊಳೆ ಬಡಿದ ತೊಗಲ ಪಟ್ಟಿ, ಬಾಲದ ಬುಡಕ್ಕೆ ಯಾರ ನದರೂ ಬೀಳದಿರಲೆಂದು ಇಮಾಮಸಾಬನ ಹೆಂಡತಿ ಬೀಬಿಜಾನ ಕಟ್ಟಿದ್ದ ಕರಿದಾರ.

"ಆ ನಾಯಿ ಇದ್ರ ತ್ವಾಳ ಹತ್ರ ಬರಂಗಿಲ್ಲ. ಅದನ್ನ ಮನ್ಯಾಗ ಕಟ್ಟಿ ಹಾಕು," ಎಂದರು ಪಾಟೀಲರು.

ತೋಳ ಬಾರದಂತೆ ನೋಡಿಕೊಂಡಿದ್ದ ನಾಯಿಯನ್ನು, ತೋಳ ಬರಲಿ ಎಂದು ಕಟ್ಟಿ ಹಾಕುವುದು. ಊರಿನ ಜಾಣರೆಲ್ಲ ಸೇರಿ ಮಾಡಿದ ಏರ್ಪಾಡು ಇದು. ಇಮಾಮಸಾಬ ಮೊಳೆಯ ಪಟ್ಟಿ ಬಿಚ್ಚಿ, ಹಗ್ಗ ಹಾಕಿ, ಭೂರ್ಯಾನನ್ನು ಮನೆಯ ಕಂಬಕ್ಕೆ ಕಟ್ಟಿದ.

ಬೆಳಗಿನ ಮಂಜು. ಮುಳ್ಳಿನ ಬೇಲಿಯ ಹಿಂದೆ ಇಬ್ಬರೂ ಒಂದೇ ಕಂಬಳಿ ಹೊದ್ದು ಕೂತಿದ್ದರು. ಗುರಣ್ಣನ ಬೆರಳು ಸೆಟೆದಿದ್ದವು. ಇಮಾಮಸಾಬ ಅವನ್ನು ತನ್ನ ಅಂಗೈಗಳ ನಡುವೆ ಇಟ್ಟು ತಿಕ್ಕಿದ. ಬೀಬಿಜಾನ ಕಟ್ಟಿಕೊಟ್ಟಿದ್ದ ಸಜ್ಜೆ ರೊಟ್ಟಿ ಬಿಚ್ಚಿ ದೊಡ್ಡ ತುಂಡನ್ನು ಅವನಿಗೆ ಕೊಟ್ಟ.

"ಹೆದರಬ್ಯಾಡ ದೋಸ್ತ. ಬರ್ಲಿಲ್ಲಂದ್ರ ಛಲೋನ ಆತು. ಬಂದಿತ್ತು, ಓಡಿ ಹೋತು ಅಂತ ನಾನ ಹೇಳ್ತೇನಿ."

ಆಗ ತೊಗರಿ ಸಾಲಿನಲ್ಲಿ ಏನೋ ಅಲುಗಿತು. ಮಣ್ಣಿನ ಬಣ್ಣದ್ದು. ತಲೆ ತಗ್ಗಿಸಿ, ಸದ್ದಿಲ್ಲದೆ, ದೊಡ್ಡಿಯ ಕಡೆಗೇ ಬರುತ್ತಿತ್ತು.

"ಇರು," ಎಂದ ಇಮಾಮಸಾಬ, ಕಣ್ಣು ಕಿರಿದು ಮಾಡಿ. "ತಡಿ, ಗುರಣ್ಣ."

ಗುರಣ್ಣ ಆಗಲೇ ಎರಡೂ ಕಣ್ಣು ಮುಚ್ಚಿದ್ದ. ಅವನ ಜನ್ಮದ ಮೊದಲ ಗುಂಡು ಒಣ ತೊಗರಿಕಟ್ಟಿಗೆ ಮುರಿದಷ್ಟು ಸದ್ದು ಮಾಡಿ ಹೊರಟಿತು. ಕಣ್ಣು ತೆರೆಯದೆಯೇ ಬಳೆ ಎಳೆದ, ಒತ್ತಿದ, ಹೊಡೆದ. ಕಟಕ್, ಟಪ್. ಕಟಕ್, ಟಪ್. ಕೊಳವೆ ಬರಿದಾದ ಮೇಲೂ ಬಳೆ ಎಳೆಯುತ್ತಲೇ ಇದ್ದ. ಎಣ್ಣೆ ಹಚ್ಚಿ ಹಚ್ಚಿ ಆ ಬಂದೂಕು ಬೆಣ್ಣೆಯಂತೆ ನಡೆಯುತ್ತಿತ್ತು.

ಇಮಾಮಸಾಬ ಅವನ ಕೈ ಹಿಡಿದು ನಿಲ್ಲಿಸಿದಾಗ ಕಣ್ಣು ತೆರೆದ. ಭೂರ್ಯಾ ತೆವಳುತ್ತ ಬಂದು ತನ್ನ ಒಡೆಯನ ಪಾದದ ಮೇಲೆ ತಲೆ ಇಟ್ಟಿತ್ತು. ಕೊರಳಲ್ಲಿ ಕಡಿದ ಹಗ್ಗದ ತುಂಡು. ಬಾಲ ಇನ್ನೂ ಸ್ವಲ್ಪ ಆಡುತ್ತಿತ್ತು, ಆಮೇಲೆ ನಿಂತಿತು.

ಊರಿನ ಕಡೆಯಿಂದ ಜನ ಬಡಿಗೆ ಹಿಡಿದು ಓಡಿ ಬರುತ್ತಿದ್ದರು. "ಬಿತ್ತೇನ್ರೋ? ಬಿತ್ತೇನು?"

ಇಮಾಮಸಾಬ ಒಮ್ಮೆ ಗುರಣ್ಣನ ಮುಖ ನೋಡಿದ. ಆ ಮುಖದಲ್ಲಿ ಏನು ಕಂಡನೋ, ಹೆಗಲ ಕಂಬಳಿ ತೆಗೆದು ನಾಯಿಯ ಮೇಲೆ ಹಾಸಿ ಎದ್ದು ನಿಂತ.

"ಬಿದ್ದದ್ರಿ," ಎಂದ. "ತ್ವಾಳ ಬಿದ್ದದ."

ಆ ಸೀಮೆಯಲ್ಲಿ ತೋಳ ಕೊಂದರೆ ಅದಕ್ಕೊಂದು ಪದ್ಧತಿಯಿತ್ತು. ಹೆಣವನ್ನು ಕೋಲಿಗೆ ಕಟ್ಟಿ ಮನೆಮನೆಗೆ ಹೊತ್ತು ತರಬೇಕು, ಹೆಂಗಸರು ಮೊರದ ತುಂಬ ಜೋಳ ತಂದು ಸುರಿಯಬೇಕು. ಜನ ಆಗಲೇ ಕೋಲು ತಂದಿದ್ದರು, ಬಾರಿಸಲು ಹಲಗೆಯೂ ಬಂದಿತ್ತು. ಇಮಾಮಸಾಬ ಕಂಬಳಿಗೆ ಅಡ್ಡ ನಿಂತ.

"ಮುಟ್ಟಬ್ಯಾಡ್ರಿ. ಹೆಣ್ಣ ತ್ವಾಳ ಅದ, ಹೊಟ್ಟ್ಯಾಗ ಮರಿ ಅವ. ಬಸುರಿ ತ್ವಾಳಿನ ಮಾರಿ ಊರಿಗೆ ತೋರಿಸಿದ್ರ ಆಡು ಕುರಿ ಎಲ್ಲಾ ಕಂದ ಹಾಕ್ತಾವ. ಬಿದ್ದಲ್ಲೇ ಹುಗೀಬೇಕು."

ಹೀಗೊಂದು ನಂಬಿಕೆ ಅಲ್ಲಿಯವರೆಗೆ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಅವನು ಹೇಳಿ ಮುಗಿಸುವಷ್ಟರಲ್ಲಿ ಊರಿಗೆಲ್ಲ ನೆನಪಾಯಿತು.

"ಹೌದ್ರಿ, ನಮ್ಮ ಆಯಿನೂ ಹೇಳ್ತಿದ್ಳು," ಎಂದಳು ಪಕ್ಕದ ಮನೆಯ ಮಲ್ಕಮ್ಮ, ಸೆರಗಿನಿಂದ ಕಣ್ಣು ಮುಚ್ಚಿಕೊಂಡು. ಒಬ್ಬ ಮುದುಕ ತನ್ನ ಕಾಲದಲ್ಲಿ ಹೀಗೆಯೇ ಒಂದು ಹಿಂಡು ದಿನ ತುಂಬದೆ ಕಂದ ಹಾಕಿದ್ದನ್ನು ಕಣ್ಣಾರೆ ಕಂಡದ್ದಾಗಿ ಹೇಳಿದ. ಎಲ್ಲರೂ ಹಿಂದೆ ಸರಿದರು. ಪಾಟೀಲರು ಮಾತ್ರ ಪಟ್ಟು ಬಿಡಲಿಲ್ಲ. ತಹಶೀಲ ಕಚೇರಿಗೆ ಬಾಲವನ್ನಾದರೂ ತೋರಿಸಬೇಕಲ್ಲ.

ಇಮಾಮಸಾಬ ಎಲ್ಲರಿಗೂ ಬೆನ್ನು ಮಾಡಿ ಕೂತು, ಆಡಿನ ಮೇವು ಕೊಯ್ಯುವ ಕುಡಗೋಲಿನಿಂದ ಆ ಕೆಲಸವನ್ನು ತಾನೇ ಮಾಡಿ, ಬಾಲವನ್ನು ತನ್ನ ತಲೆಯ ರುಮಾಲಿನಲ್ಲಿ ಸುತ್ತಿ ಗುರಣ್ಣನ ಕೈಗಿಟ್ಟ. ಹುಗಿದದ್ದೂ ಅವನೊಬ್ಬನೇ. ಗುರಣ್ಣ ಗುದ್ದಲಿಗೆ ಕೈ ಚಾಚಿದ್ದ, ಆದರೆ ಅಷ್ಟರಲ್ಲಿ ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು.

ಆಳಂದದ ಕಚೇರಿಯಲ್ಲಿ, ತಹಶೀಲದಾರರ ಮುಂದೆ ಕಾಗದಪತ್ರ ಇಡುವ ಪೇಶ್ಕಾರರು ಸಲಾವುದ್ದೀನ ಸಾಹೇಬರು. ಬೆಳ್ಳಗಿನ ಗಡ್ಡದ ಮೆತ್ತಗಿನ ಮನುಷ್ಯ. ಪಾಟೀಲರು ಹೊರಗೆ ಜವಾನರಿಗೆ ಬೇಟೆಯ ವರ್ಣನೆ ಮಾಡುತ್ತಿದ್ದರು. ಅದರಲ್ಲಿ ಅವರೂ ಬೇಲಿಯ ಹಿಂದೆ ಇದ್ದರು. ಒಳಗೆ ಗುರಣ್ಣ ಮೇಜಿನ ಮೇಲೆ ರುಮಾಲು ಬಿಚ್ಚಿದ.

ಪೇಶ್ಕಾರರು ಕನ್ನಡಕ ಏರಿಸಿ ನೋಡಿದರು. ಬಾಲವನ್ನು ಆಚೆ ಈಚೆ ಹೊರಳಿಸಿದರು. ಬುಡದ ಕೂದಲಲ್ಲಿ ಹುದುಗಿದ್ದ ಕರಿದಾರ ಅವರ ಬೆರಳಿಗೆ ಸಿಕ್ಕಿತು.

"ಗುರಣ್ಣನವರ."

"ರಿ."

"ತ್ವಾಳಕ್ಕ ನದರಿನ ದಾರ ಯಾರ ಕಟ್ಟಿದ್ರು?"

ಗುರಣ್ಣ ರುಮಾಲಿನ ಅಂಚನ್ನು ಮಡಚಿದ, ಬಿಚ್ಚಿದ. ನಿಜ ಹೇಳಲು ಅವನಿಗೆ ಇಷ್ಟು ಒಳ್ಳೆಯ ಜಾಗ, ಇಷ್ಟು ಒಳ್ಳೆಯ ಕಿವಿ ಮತ್ತೆ ಸಿಗುವಂತಿರಲಿಲ್ಲ. ಪೇಶ್ಕಾರರು ಕಾದರು. ಎದುರಿಗೆ ನಿಂತ ಬಡಪಾಯಿಯನ್ನು ನೋಡಿ ಅವರಿಗೇ ಕನಿಕರ ಹುಟ್ಟಿತು. ದಾರವನ್ನು ಮೆಲ್ಲಗೆ ಕಿತ್ತು, ಮಡಚಿ, ಗುರಣ್ಣನ ಅಂಗಿಯ ಜೇಬಿಗೆ ಹಾಕಿದರು.

"ಇರ್ಲಿ ಬಿಡ್ರಿ. ಮುಂಜಾನೆ ಎದ್ದು ಬಂದೀರಿ, ಚಳಿ ಅದ. ಒಂದು ಕಪ್ ಚಹಾ ಕುಡೀರಿ ಮೊದಲ."

ತಹಶೀಲದಾರರು ಬಾಲವನ್ನು ದೂರದಿಂದ ನೋಡಿ, "ಬಹುತ್ ಖೂಬ್," ಎಂದು ಗುರಣ್ಣನಿಗೆ ಜರಿಯ ಅಂಚಿನ ರುಮಾಲು ಸುತ್ತಿಸಿದರು. ನಿಂಬರ್ಗಾದಲ್ಲಿ ಇನ್ನು ತೋಳವಿಲ್ಲ ಎಂದು ಸರಕಾರಿ ಹುಕುಂ ಆಯಿತು. ಊರಿಗೆ ಬಂದ ಕೂಡಲೇ ಪಾಟೀಲರು ಡಂಗುರ ಹೊಡೆಸಿದರು. ತಳವಾರರ ಕಾವಲು ನಿಂತಿತು. ದೊಡ್ಡಿಗಳ ಮುಳ್ಳಿನ ಬೇಲಿ ಒಲೆಗೆ ಹೋಯಿತು. ಗುರಣ್ಣನನ್ನು ಜನ ಶಿಕಾರಿ ಎಂದು ಕರೆದರು. ಅವನು ಹಾದು ಹೋಗುವಾಗ ಕಟ್ಟೆಯ ಮೇಲಿನ ಹುಡುಗರು ಎದ್ದು ನಿಲ್ಲತೊಡಗಿದರು, ಮಲ್ಕಮ್ಮ ಮೊದಲ ಬಾರಿಗೆ ಅವನಿಗೆ 'ರಿ' ಹಚ್ಚಿ ಮಾತಾಡಿದಳು. ಜರಿಯ ರುಮಾಲು ಚೆನ್ನಾಗಿ ಒಪ್ಪುತ್ತದೆ ಎಂದು ಎಲ್ಲರೂ ಹೇಳಿದರು. ಅಂಬುಬಾಯಿ ಹೇಳಲಿಲ್ಲ.

ತೋಳಕ್ಕೆ ಹುಕುಂ ತಲುಪಿರಲಿಲ್ಲ. ಅದು ಬಂತು. ಊರ ಹೊರಗೆ ನಾಯಿಯಿಲ್ಲದ ದೊಡ್ಡಿ ಒಂದೇ, ಇಮಾಮಸಾಬನದು. ಮೊದಲು ಒಂದು ಮರಿ ಹೋಯಿತು, ಆಮೇಲೆ ದೊಡ್ಡ ಆಡುಗಳು. ಇಮಾಮಸಾಬ ಮತ್ತು ಬೀಬಿಜಾನ ಸರದಿಯಂತೆ ಎಚ್ಚರಿದ್ದು ಡಬ್ಬಿ ಬಡಿದರು. ತೋಳ ಡಬ್ಬಿಯ ಸದ್ದಿಗೆ ಎರಡು ದಿನದಲ್ಲಿ ಒಗ್ಗಿಕೊಂಡಿತು. ಹೋದವುಗಳಲ್ಲಿ ಮಲ್ಕಮ್ಮ ಪಾಲಿಗೆ ಬಿಟ್ಟ ಆಡುಗಳಿದ್ದವು, ಪಾಟೀಲರದೂ ಇತ್ತು. ಚಾವಡಿಗೆ ಕರೆ ಬಂತು.

"ನನ್ನ ಆಡು ಎಲ್ಲೋ ಇಮಾಮಸಾಬ?" ಎಂದಳು ಮಲ್ಕಮ್ಮ.

"ತ್ವಾಳ ಒಯ್ದದವ್ವ."

ಪಾಟೀಲರು ನಿಧಾನವಾಗಿ ಅಡಕೆ ಕತ್ತರಿಸಿದರು. "ಯಾವ ತ್ವಾಳೋ? ಸತ್ತು, ಹುಗದು, ಬಾಲ ಆಳಂದಕ್ಕ ಹೋಗಿ, ಸರಕಾರ ಒಪ್ಪಿದ ತ್ವಾಳು ಎದ್ದು ಬಂತೇನು?"

"ಇನ್ನೊಂದು ಇರಬೇಕ್ರಿ."

"ಇಲ್ಲ ಅಂತ ಹುಕುಂ ಅದ. ಆಳಂದದ ಕಸಾಯಿಗೆ ಮಾರಿ, ತ್ವಾಳಿನ ಹೆಸರು ಹೇಳಾಕತ್ತೀದಿ ಅಂತ ಊರು ಅನ್ನಾಕತ್ತದ. ನಾ ಅನ್ನೂದಿಲ್ಲಪ್ಪ. ಊರು ಅಂತದ. ಭೂರ್ಯಾ ಎಲ್ಲಿ? ಅದನ್ನೂ ಮಾರಿದಿ?"

ಒಂದೇ ಒಂದು ಮಾತು ಇಮಾಮಸಾಬನ ಹೆಸರು ಉಳಿಸುತ್ತಿತ್ತು, ಅದೇ ಮಾತು ದೋಸ್ತನ ಹೆಸರು ಕಳೆಯುತ್ತಿತ್ತು. ಅವನು ಗುರಣ್ಣನ ಕಡೆ ನೋಡಲೂ ಇಲ್ಲ. ನೋಡಿದರೆ ಕೇಳಿದಂತಾಗುತ್ತದೆ ಎಂದಿರಬೇಕು.

ಕೇಳಿದವರು ಪಾಟೀಲರು. "ಶಿಕಾರಿ, ನೀನ ಹೇಳು. ಆವತ್ತ ನೀ ಹೊಡದದ್ದು ಏನು?"

ಚಾವಡಿಯೆಲ್ಲ ಗುರಣ್ಣನ ಕಡೆ ತಿರುಗಿತು. ಅವನು ಜೇಬಿಗೆ ಕೈ ಹಾಕಿದ. ಅಲ್ಲಿ ಆ ದಾರ ಇನ್ನೂ ಇತ್ತು. ಕೈಯನ್ನು ಹಾಗೇ ಹೊರಗೆ ತೆಗೆದು ತಲೆಯ ಮೇಲಿನ ಜರಿ ರುಮಾಲನ್ನು ಸರಿಪಡಿಸಿಕೊಂಡ.

"ತ್ವಾಳ," ಎಂದ.

"ಕೇಳಿದೇನು ಇಮಾಮಸಾಬ?"

"ಕೇಳಿದೆ ರಿ." ಇಮಾಮಸಾಬ ಎದ್ದು ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡ. "ಗುರಣ್ಣ ಸುಳ್ಳ ಹೇಳಂಗಿಲ್ಲ."

ತನ್ನ ಪಾಲಿಗೆ ಉಳಿದಿದ್ದ ಆಡುಗಳನ್ನೆಲ್ಲ, ಆಡು ಕಳೆದುಕೊಂಡವರ ಮನೆಗಳಿಗೆ ತಾನೇ ಹೊಡೆದುಕೊಂಡು ಹೋಗಿ ಕಟ್ಟಿ ಬಂದ. ಜೇವರ್ಗಿಯ ಕಡೆ, ಕೊಳಕೂರದಲ್ಲಿ ಬೀಬಿಜಾನಳ ಅಕ್ಕನ ಮನೆಯಿತ್ತು. ಅಲ್ಲಿ ಹೊಲದ ಕೂಲಿ ಸಿಗುತ್ತದೆ ಎಂದು ಹೊರಟರು. ಹೋಗುವ ದಿನ ಗುರಣ್ಣನ ಬಾಗಿಲಿಗೆ ಬಂದಾಗ ಗುರಣ್ಣ ಹಿತ್ತಲಲ್ಲಿ ಬಂದೂಕಿಗೆ ಎಣ್ಣೆ ಹಚ್ಚುತ್ತಿದ್ದ. ಹೊರಗೆ ಬರಲಿಲ್ಲ. ಇಮಾಮಸಾಬನ ತೋಳಲ್ಲಿ ಒಂದು ಕರಿಯ ಮರಿ ಇತ್ತು. ತಾಯಿ ಸತ್ತ ಆ ಮರಿಗೆ ಕೆಲವು ದಿನಗಳಿಂದ ಅಂಬುಬಾಯಿ ಬಟ್ಟೆಯ ಬತ್ತಿಯಿಂದ ಹಾಲು ಕುಡಿಸುತ್ತಿದ್ದಳು.

"ಇದು ನಿಮ್ಮ ಕೈಗೆ ಹೊಂದಿಕೊಂಡದ, ವೈನಿ. ಇಟ್ಕೋರಿ. ಗುರಣ್ಣಗ ಹೇಳ್ರಿ, ಚಳಿಗಿ ಕಂಬಳಿ ಹೊಚ್ಕೊಂಡು ಮಲಗು ಅಂತ. ಅವಗ ನೆಗಡಿ ಲಗೂನ ಆಗ್ತದ."

ಅಂಬುಬಾಯಿ ಮರಿಯನ್ನು ತೆಗೆದುಕೊಂಡಳು. ಬಂಡಿ ಊರಬಾಗಿಲಿನ ಅಗಸಿ ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದು ಗಂಡನಿಗೆ ರೊಟ್ಟಿ ಹಾಕಿದಳು, ಬೆಣ್ಣೆಯನ್ನೂ ಹಾಕಿದಳು, ಮಾತನ್ನು ಮಾತ್ರ ಹಾಕಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಪೈರಿನ ನಡುವೆ ಕೂತು ಉಣ್ಣುವ ದಿನ. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಲ್ಲ ಸೊಪ್ಪು ಕಾಳು ಸೇರಿಸಿ ಕುದಿಸಿದ ಭಜ್ಜಿ. ಪಾಟೀಲರ ಹೊಲದಲ್ಲಿ ದೊಡ್ಡ ಪಂಕ್ತಿ. ಶಿಕಾರಿ ಬಂದೂಕು ತರಬೇಕೆಂದು ಪಾಟೀಲರು ಮುದ್ದಾಂ ಹೇಳಿ ಕಳಿಸಿದ್ದರು, ಬಂದೂಕಿಗೆ ಕುಂಕುಮ ಹಚ್ಚಿ ಬನ್ನಿಗಿಡಕ್ಕೆ ಒರಗಿಸಿ ಇಟ್ಟಿದ್ದರು. ಅಂಬುಬಾಯಿ ಕರಿಮರಿಯನ್ನೂ ಕರೆತಂದು ಬದುವಿನ ಹುಲ್ಲಿಗೆ ಗೂಟ ಹೊಡೆದು ಕಟ್ಟಿದಳು.

ಗಂಗಾಳದಲ್ಲಿ ಕಡುಬು ಬಿದ್ದು, ಮೊದಲ ತುತ್ತು ಬಾಯಿಗೆ ಹೋಗುವ ಹೊತ್ತು. ತೊಗರಿ ಸಾಲು ಸೀಳಿಕೊಂಡು ಅದು ಹೊರಗೆ ಬಂತು. ನೆತ್ತಿಯ ಮೇಲೆ ಬಿಸಿಲು. ಬಂಡಿಗಳನ್ನು ನೋಡಿತು, ಪಂಕ್ತಿಯನ್ನು ನೋಡಿತು, ಪಾಟೀಲರನ್ನೂ ನೋಡಿತು. ಮರಿಯ ಕಡೆ ನಡೆಯತೊಡಗಿತು. ಅವಸರವೇನೂ ಇರಲಿಲ್ಲ. ಆ ಊರಲ್ಲಿ ತನಗೆ ಯಾರ ಭಯವೂ ಇಲ್ಲವೆಂದು ತಿಳಿದ ನಡಿಗೆ.

ಪಂಕ್ತಿಯಲ್ಲಿ ಎಲ್ಲರೂ ತಮ್ಮ ಗಂಗಾಳ ನೋಡತೊಡಗಿದರು. ಬಂಡಿಗೆ ಕಟ್ಟಿದ ಎತ್ತುಗಳು ಮಾತ್ರ ಹುಕುಂ ಓದದ ಕಾರಣ ಹಗ್ಗ ಜಗ್ಗಿ ಹೂಂಕರಿಸಿದವು.

ಕೊನೆಗೆ ಮಲ್ಕಮ್ಮ ಸಣ್ಣ ದನಿಯಲ್ಲಿ ಅಂದಳು. "ಯಾರ ನಾಯಿಬೇ ಅದು?"

"ಆಚಿ ಊರಿಂದಿರಬೇಕು," ಎಂದ ಒಬ್ಬ.

"ಭಾರಿ ಎತ್ತರ ಅದ."

"ಛಲೋ ಜಾತಿ ನಾಯಿ."

ಅಂಬುಬಾಯಿ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಎಷ್ಟೋ ದಿನಗಳ ಮೇಲೆ ಗಂಡನ ಮುಖ ನೋಡಿ ಮಾತಾಡಿದಳು.

"ಹೊಡೀರಿ."

ಗುರಣ್ಣ ಎದ್ದ. ಬಂದೂಕು ತೆಗೆದುಕೊಂಡ. ಬಳೆ ಎಳೆದು ಒತ್ತಿದ. ಕಟಕ್. ಈ ಸಲ ಎರಡೂ ಕಣ್ಣು ತೆರೆದಿದ್ದವು. ತೋಳ ಮರಿಯ ಮುಂದೆ ನಿಂತಿತ್ತು. ಬಂದೂಕು ಸಣ್ಣದಾದರೂ ಅಷ್ಟು ಹತ್ತಿರದಿಂದ ತಪ್ಪುವಂತಿರಲಿಲ್ಲ.

ಪಾಟೀಲರ ಕೈ ಬಂದು ನಳಿಕೆಯ ಮೇಲೆ ಕೂತಿತು. ಅವರ ಹಣೆಯಲ್ಲಿ ಬೆವರಿತ್ತು. ದನಿ ಮಾತ್ರ ಚಾವಡಿಯದೇ.

"ಶಿಕಾರಿ, ಮೊದಲ ಹೇಳು. ಏನದು? ನಾಯೋ, ತ್ವಾಳೋ?"

ಬಂಡಿ ಬಂಡಿಯ ಜನ ಅವನನ್ನೇ ನೋಡುತ್ತಿದ್ದರು. ಮರಿ ಒಮ್ಮೆ ಕೂಗಿತು. ಕೊಳಕೂರ ಅಲ್ಲಿಂದ ಬಹಳ ದೂರ, ಅಲ್ಲಿಗೆ ಏನೂ ಕೇಳಿಸುವುದಿಲ್ಲ.

"ನಾಯಿ," ಎಂದ ಗುರಣ್ಣ.

"ಹಂಗಾರ ಇಳಸು," ಎಂದರು ಪಾಟೀಲರು, ಸಮಾಧಾನದಿಂದ. "ಹಬ್ಬದ ದಿನ ನಾಯಿ ಕೊಂದ ಪಾಪ ಯಾಕ ಕಟ್ಕೋತಿ?"

ಮರಿಯ ಹಿಂದೆ ಗೂಟ ಕಿತ್ತ ಹಗ್ಗ ತೊಗರಿ ಸಾಲಿನೊಳಗೆ ಎಳೆದುಕೊಂಡು ಹೋಗುವುದು ಸ್ವಲ್ಪ ದೂರದವರೆಗೆ ಕಾಣಿಸಿತು. ಜನ ಮತ್ತೆ ಉಣ್ಣಲು ಕೂತರು. ಭಜ್ಜಿ ಈ ವರ್ಷ ಬಹಳ ರುಚಿಯಾಗಿದೆ ಎಂದು ಯಾರೋ ಅಂದರು.

ಗುರಣ್ಣ ಬಂದೂಕು ಇಳಿಸಿ, ರೂಢಿಯಂತೆ ಬಳೆ ಎಳೆದ. ಹೊಡೆಯದ ಗುಂಡು ಹೊರಗೆ ಹಾರಿ ಮಣ್ಣಿನ ಹೆಂಟೆಗಳ ನಡುವೆ ಬಿತ್ತು. ಅಂಬುಬಾಯಿ ಬಗ್ಗಿ ಅದನ್ನು ಎತ್ತಿಕೊಂಡಳು. ಸೆರಗಿನಿಂದ ಚೊಕ್ಕವಾಗಿ ಒರೆಸಿ ಅವನ ಗಂಗಾಳದಲ್ಲಿ, ಉಪ್ಪಿನ ಪಕ್ಕದಲ್ಲಿ ಇಟ್ಟಳು.

"ಉಣ್ರಿ," ಎಂದಳು.